ಒಂದು ಪಾದದ ಅರಿಶಿನ

ಬಾಲಾನಗರದ ಎರಡಂತಸ್ತಿನ ಮನೆಯೊಂದರ ಮಾಳಿಗೆ. ಸೂರ್ಯ ಇನ್ನೂ ಎದುರಿನ ಶೆಡ್ಡುಗಳ ತಗಡು ದಾಟಿಲ್ಲ. ಗದಿಗೆಮ್ಮ ನೀರಿನ ಟಾಕಿಗೆ ಬೆನ್ನು ಕೊಟ್ಟು, ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ ಕುಳಿತಿದ್ದಾರೆ. ಎಡಗಾಲಿಗೆ ಒಂದು ಕಂಪನಿಯ ತೆಳು ನೈಲಾನ್ ಸ್ಟಾಕಿಂಗ್ಸ್, ಬಲಗಾಲಿಗೆ ಇನ್ನೊಂದು ಕಂಪನಿಯದು. ಮೂರನೆಯದನ್ನು ಪಕ್ಕದಲ್ಲಿಟ್ಟ ಕೃತಕ ಪಾದಕ್ಕೆ ತೊಡಿಸಿದ್ದಾರೆ. ಮೂರಕ್ಕೂ ಅರಿಶಿನ ಬಳಿದಾಗಿದೆ. ಅರವತ್ತರ ಹತ್ತಿರ ಇದೇನು ಶೋಕಿ ಎಂದು ಪಕ್ಕದ ಮನೆಯವರು ಕೇಳಿದರೆ ಅವರನ್ನು ದೂರುವಂತಿಲ್ಲ.

“ಟ್ಯೂಬ್‌ಲೈಟಿನಾಗ ಎಲ್ಲಾ ಕಾಲೂ ಚಂದ ಕಾಣತಾವ್ರಿ,” ಎನ್ನುತ್ತಾರೆ ಗದಿಗೆಮ್ಮ, ನನ್ನ ಕಡೆ ತಿರುಗಿ. “ಮುಂಜಾನಿ ಬೆಳಕಿನಾಗ ನೋಡಬೇಕು. ಮೋಸ ಇದ್ರ ಆಗ ಗೊತ್ತಾಗತೈತಿ.”

ಗದಿಗೆಮ್ಮ ಕೃತಕ ಕಾಲು ತಯಾರಿಸುವ ಸಣ್ಣ ಕಾರ್ಖಾನೆಯ ಕೆಲಸಗಾರ್ತಿ. ಕೊಳವೆ, ಕೀಲು, ಪಾದ ಜೋಡಿಸುವವರು ಬೇರೆ. ಅದರ ಮೇಲೆ ಸ್ಪಂಜು ಸುತ್ತಿ, ಮೀನಖಂಡದ ಉಬ್ಬು ಕೆತ್ತಿ, ಕೊನೆಗೆ ಮೈಬಣ್ಣದ ಸ್ಟಾಕಿಂಗ್ಸ್ ಎಳೆದು ಚರ್ಮದಂತೆ ಕಾಣುವ ಹಾಗೆ ಮಾಡುವುದು ಇವರ ಪಾಲಿನದು. ಶೋಕಿಯ ಹುಡುಗಿಯರಿಗೆಂದು ಬರುವ, ಸೊಂಟದ ಬಳಿ ಎರಡೂ ಕಾಲು ಕೂಡಿದ ಸ್ಟಾಕಿಂಗ್ಸ್ ಇಲ್ಲಿ ಎರಡಾಗಿ ಕತ್ತರಿಸಿಕೊಂಡು ಇಬ್ಬರ ಕಾಲಿಗೆ ಹೋಗುತ್ತದೆ. ದಿನಕ್ಕೆ ಎರಡು ಕಾಲು ಮುಗಿದರೆ ಒಳ್ಳೆಯ ದಿನ. ಯಾವ ಕಂಪನಿಯದು ಹಿಮ್ಮಡಿಯ ಮೇಲೆ ನಿರಿಗೆ ಬೀಳುತ್ತದೆ, ಯಾವುದು ಬಿಸಿಲಲ್ಲಿ ಸ್ಟೀಲ್ ಲೋಟದ ಹಾಗೆ ಮಿಂಚುತ್ತದೆ, ಯಾವುದರ ಹೊಲಿಗೆ ಬೆರಳ ತುದಿಯಲ್ಲಿ ಎದ್ದು ಕಾಣುತ್ತದೆ ಎಂದು ಕೇಳಿ ನೋಡಿ. ಸೊಸೆಯಂದಿರ ವಿಷಯ ತೆಗೆದಾಗ ಅತ್ತೆಗೆ ಬರುವ ಉತ್ಸಾಹ ಇವರಿಗೂ ಬರುತ್ತದೆ.

ಚಿತ್ತಾಪುರದ ಕಡೆಯ ಹಳ್ಳಿಯಿಂದ ಗಂಡ ಬೂದೆಪ್ಪನವರ ಜೊತೆ ಗದಿಗೆಮ್ಮ ಇಲ್ಲಿಗೆ ಬಂದದ್ದು ಗಚ್ಚಿಬೌಲಿಯಲ್ಲಿ ಬಂಡೆಗಳ ನಡುವೆ ಕಟ್ಟಡಗಳು ಏಳುತ್ತಿದ್ದ ಕಾಲದಲ್ಲಿ. ಇಬ್ಬರೂ ಕಲ್ಲುಮಣ್ಣು ಹೊತ್ತರು. ಒಂದು ದಿನ ಸಾರವೆ ಮುರಿದು ಬಿದ್ದು ಬೂದೆಪ್ಪ ಬಲಗಾಲು ಕಳೆದುಕೊಂಡರು. ಸಿಕ್ಕಿದ ಕೃತಕ ಕಾಲು ಗುಲಾಬಿ ಬಣ್ಣದ್ದು. “ಇದ್ಯಾವ ಬಿಳಿ ಸಾಹೇಬನ ಕಾಲು ತಂದೀ” ಎಂದು ಅವರು ಮುಖ ತಿರುಗಿಸಿದರಂತೆ. ಗದಿಗೆಮ್ಮ ಸಂತೆಯಿಂದ ಸ್ಟಾಕಿಂಗ್ಸ್ ತಂದು, ಚಹಾ ಡಿಕಾಕ್ಷನ್ನಿನಲ್ಲಿ ಕುದಿಸಿ, ಎರಡು ಪದರ ತೊಡಿಸಿದರು. ಕಾಲು ದುರಸ್ತಿಗೆ ಹೋದಾಗ ಕಾರ್ಖಾನೆಯ ಮಾಲೀಕ ವಾಸುದೇವರಾಯರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಮರುದಿನದಿಂದಲೇ ಕೆಲಸಕ್ಕೆ ಬರಹೇಳಿದರು.

ಬೂದೆಪ್ಪ ಈಗ ಅಪಾರ್ಟ್‌ಮೆಂಟೊಂದರ ವಾಚ್‌ಮನ್. ಅವರ ಈಗಿನ ಕಾಲಿಗೆ ಮಾತ್ರ ಸ್ಟಾಕಿಂಗ್ಸ್ ಇಲ್ಲ, ಕೊಳವೆ ಹಾಗೇ ಕಾಣುತ್ತದೆ. “ಪ್ಯಾಂಟಿನೊಳಗ ಯಾರ ಇಣುಕಿ ನೋಡ್ತಾರ್ರಿ? ಊರ ಮಂದಿ ಕಾಲು ಮುಗದ ಮ್ಯಾಲೆ ನಂದು,” ಎಂದು ಹೆಂಡತಿಯ ಕಡೆ ಓರೆನೋಟ ಬೀರುತ್ತಾರೆ.

ಗದಿಗೆಮ್ಮ ಕೆಲಸಕ್ಕೆ ಸೇರಿದ ಕಾಲಕ್ಕೆ ವಿಮಾನ ನಿಲ್ದಾಣ ಇನ್ನೂ ಬೇಗಂಪೇಟೆಯಲ್ಲಿತ್ತು. ಗಗನಸಖಿಯರಿಗೆ ಸ್ಟಾಕಿಂಗ್ಸ್ ಮಾರುವ ಪುಟ್ಟ ಅಂಗಡಿಯೊಂದು ಹತ್ತಿರದ ಗಲ್ಲಿಯಲ್ಲಿತ್ತು. ಅಂಗಡಿಯ ಮುದುಕರು ನೆರೆತ ಕೂದಲಿನ ಸಾಹೇಬರು. ಮಣ್ಣುಗಾಲಲ್ಲಿ ಬಂದ ಗದಿಗೆಮ್ಮನಿಗೂ ಡಬ್ಬಿಗಳನ್ನೆಲ್ಲ ಬಿಚ್ಚಿ, “ಹಾಥ್ ಡಾಲ್ಕೆ ದೇಖೋ ಅಮ್ಮಾ” ಎನ್ನುತ್ತಿದ್ದರು. ಒಳಗೆ ಕೈ ತೂರಿಸಿ, ಬಾಗಿಲಿಗೆ ಬಂದು, ಬೆಳಕಿಗೆ ಹಿಡಿದು ನೋಡುವುದು. ಮೀನಲ್ ಎಂಬ ಕಂಪನಿಯ, ಮಿಕ್ಕೆಲ್ಲಕ್ಕಿಂತ ತೆಳುವಾದ ಚಹಾ ಬಣ್ಣದ ಸ್ಟಾಕಿಂಗ್ಸ್ ನಮ್ಮ ಸೀಮೆಯ ಕಾಲಿಗೆ ಹೇಳಿ ಮಾಡಿಸಿದಂತಿತ್ತು. ವಿಮಾನಗಳು ಶಂಷಾಬಾದಿಗೆ ಹೋದವು. ಅಂಗಡಿ ಮುಚ್ಚಿತು, ಮೀನಲ್ ಬರುವುದೂ ನಿಂತಿತು.

“ಈಗ ಮೊಬೈಲಿನಾಗ ನೋಡಿ ತರಸಬೇಕ್ರಿ. ಬಂದ ಮ್ಯಾಲೆ ಬಣ್ಣ ಬ್ಯಾರೆನ ಇರತೈತಿ,” ಎನ್ನುತ್ತಾರೆ. “ಆ ಅಜ್ಜನ ಅಂಗಡ್ಯಾಗ ಕುಂತ್ರ ಎದ್ದು ಬರಾಕ ಮನಸ ಆಗ್ತಿರಲಿಲ್ಲ. ಚಾ ಕುಡಿಸಿ ಕಳಸ್ತಿದ್ದ.” ಉಳಿದದ್ದು ಮೀನಲ್‌ನ ಒಂದೇ ಒಂದು ತುಂಡು. ಅದನ್ನು ಹಳೆಯ ರೇಷ್ಮೆ ಕುಪ್ಪಸದೊಳಗೆ ಸುತ್ತಿ ಟ್ರಂಕಿನಲ್ಲಿಟ್ಟಿದ್ದಾರೆ. ಯಾಕೆ ಎಂದರೆ, “ಸುಮ್ನ” ಎನ್ನುತ್ತಾರೆ.

ಇಂದಿನ ಅರಿಶಿನದ ಪರೀಕ್ಷೆ ಯಮುನಾಬಾಯಿಯವರಿಗಾಗಿ. ಧಾರವಾಡ ಮೂಲದ ಇವರು ಸರ್ಕಾರಿ ಕಚೇರಿಯಿಂದ ನಿವೃತ್ತರಾದವರು, ಗದಿಗೆಮ್ಮನ ಅತಿ ಹಳೆಯ ಗಿರಾಕಿ. ಸ್ಕೂಟರ್ ಅಪಘಾತದಲ್ಲಿ ಎಡಗಾಲು ಹೋಗಿದ್ದು ಕಚೇರಿಯ ಎಷ್ಟೋ ಜನರಿಗೆ ಕೊನೆಯವರೆಗೂ ತಿಳಿಯಲಿಲ್ಲ. ಬಯಲಾದದ್ದು ನೆಂಟರ ಮದುವೆಮನೆಯೊಂದರಲ್ಲಿ. ಮದುವಣಗಿತ್ತಿ ಮುತ್ತೈದೆಯರನ್ನು ಸಾಲಾಗಿ ಕೂರಿಸಿ, ಪಾದ ತೊಳೆದು ಅರಿಶಿನ ಹಚ್ಚುವ ಶಾಸ್ತ್ರ. ಬಲಪಾದದ ಹಳದಿ ಎರಡು ದಿನಕ್ಕೆ ಹೋಯಿತು. ನೈಲಾನಿಗೆ ಹತ್ತಿದ್ದು ಎಷ್ಟು ಉಜ್ಜಿದರೂ ಹೋಗಲಿಲ್ಲ. ಹೆಂಗಸರು ಒಬ್ಬರನ್ನೊಬ್ಬರು ತಿವಿದು ತೋರಿಸಿದರು. ಅಂದಿನಿಂದ ಆ ಶಾಸ್ತ್ರದ ಹೊತ್ತಿಗೆ ಯಮುನಾಬಾಯಿಗೆ ಅಡುಗೆಮನೆಯಲ್ಲಿ ಏನಾದರೊಂದು ಕೆಲಸ ನೆನಪಾಗುತ್ತದೆ.

ಈಗ ತಮ್ಮನ ಮಗಳು ಶರ್ವರಿಯ ಮದುವೆ. “ಅತ್ಯಾ, ನೀನು ಮೊದಲು ಕೂಡದಿದ್ರ ನಾನು ಯಾರ ಪಾದಾನೂ ಮುಟ್ಟೂದಿಲ್ಲ,” ಎಂದು ಹುಡುಗಿ ಹಟ ಹಿಡಿದಿದ್ದಾಳೆ. ಯಮುನಾಬಾಯಿ ಕಾರ್ಖಾನೆಗೆ ಬಂದು ಕೇಳಿದ್ದು ಒಂದೇ: “ಈ ಸಲ ಗೊತ್ತಾಗದಂಗ ಮಾಡ್ತೀಯೇನವಾ?” ಗದಿಗೆಮ್ಮ ಹೂಂ ಎಂದುಬಿಟ್ಟಿದ್ದಾರೆ.

ಬಿಸಿಲೇರುವ ಹೊತ್ತಿಗೆ ಮೂರನ್ನೂ ಸಾಬೂನು ಹಾಕಿ ತೊಳೆಯುತ್ತಾರೆ. ಮೂರೂ ಹಳದಿಯನ್ನು ಬಿಡುವುದಿಲ್ಲ. ಹಾಗಾದರೆ ಮೇಲೊಂದು ಪದರ ತೊಡಿಸಿ, ಎರಡನೆಯ ದಿನ ಅದನ್ನಷ್ಟೇ ಸುಲಿದು ತೆಗೆಯಬೇಕು. ಆದರೆ ಈ ಹೊಸ ಕಂಪನಿಗಳ ಮಾಲು ಎರಡು ಪದರವಾದರೆ ಕಾಲ್ಬೆರಳ ಗೆರೆಗಳೇ ಮುಚ್ಚಿಹೋಗುತ್ತವೆ. ಮೂರರಲ್ಲಿ ನುಣುಪಾಗಿ ಕೂತ ಒಂದನ್ನು ಗದಿಗೆಮ್ಮ ಒಳಪದರಕ್ಕೆ ಆರಿಸುತ್ತಾರೆ. ಆಮೇಲೆ ಕೆಳಗಿಳಿದು ಟ್ರಂಕು ತೆರೆಯುತ್ತಾರೆ. ಸುಲಿದು ಎಸೆಯುವುದಕ್ಕೆ ಮೀನಲ್‌ನದೇ ಬೇಕೇ ಎಂದು ನನಗೇ ಹೊಟ್ಟೆಯುರಿಯುತ್ತದೆ. “ಇಟ್ಟಕೊಂಡು ಯಾರಿಗೆ ತೊಡಸಲಿ,” ಎಂದು ಕುಪ್ಪಸವನ್ನು ಬಿಚ್ಚುತ್ತಾರೆ.

ಮದುವೆ ಮುಗಿದ ಮರುವಾರ ನಾನು ಕಾರ್ಖಾನೆಯಲ್ಲಿರುವಾಗಲೇ ಯಮುನಾಬಾಯಿ ಬರುತ್ತಾರೆ, ಕೃತಕ ಕಾಲಿನ ಬೆಲ್ಟು ಸಡಿಲವಾಗಿದೆ ಎಂದು. ಶಾಸ್ತ್ರಕ್ಕೆ ಮೊದಲು ಕೂತವರು ಅವರೇ. ಯಾರಿಗೂ ಏನೂ ಗೊತ್ತಾಗಿಲ್ಲ. ಆದರೆ ಸೀರೆಯಂಚಿನ ಕೆಳಗೆ ಬಲಪಾದ ಎಂದಿನಂತಿದೆ, ಎಡಪಾದ ಇನ್ನೂ ಹಳದಿ.

“ಅಯ್ಯ, ತಗೀಲಿಲ್ಲೇನ್ರಿ ಬಾಯಾರ?” ಎಂದು ಗದಿಗೆಮ್ಮ ಕೆಳಗೆ ಕೂತು ಪದರದ ಅಂಚಿಗೆ ಕೈ ಹಾಕುತ್ತಾರೆ. ಯಮುನಾಬಾಯಿ ಪಾದ ಹಿಂದಕ್ಕೆಳೆದುಕೊಳ್ಳುತ್ತಾರೆ.

“ಬ್ಯಾಡ ಗದಿಗೆಮ್ಮಾ. ಆ ಕಾಲಿನ ಅರಿಶಿನ ಹೋತು. ಹುಡುಗಿ ಹಚ್ಚಿದ್ದು ಇದರಾಗರ ಇರ್ಲಿ.”

“ಮಂದಿ ನೋಡ್ತಾರ್ರಿ.”

“ನೋಡ್ಲಿ.”

ಬೆಲ್ಟು ಬಿಗಿಸಿಕೊಂಡು ಅವರು ಆಟೋ ಹತ್ತುತ್ತಾರೆ. ಗದಿಗೆಮ್ಮ ಬಾಗಿಲಲ್ಲಿ ನಿಂತು, ಆಟೋ ತಿರುವು ದಾಟುವವರೆಗೂ ನೋಡುತ್ತಾರೆ.

“ನನ್ನ ಕೆಲಸ ಯಾರ ಕಣ್ಣಿಗೂ ಬೀಳಬಾರದು ಅಂತನ ಇಷ್ಟು ವರ್ಷ ದುಡದೀನ್ರಿ,” ಎನ್ನುತ್ತಾರೆ. “ಇದೊಂದು ಬೀಳ್ಲಿ.”