ಹೊದಿಕೆ ತೆಗೆದ ಗುಡ್ಡ

ಎರಡು ವರ್ಷದ ಹಿಂದಿನ ಆಗಸ್ಟ್ ತಿಂಗಳು. ರೆಡ್‌ವುಡ್ ಸಿಟಿಯ ಒಂದು ಸಣ್ಣ ಕನ್ಸಲ್ಟಿಂಗ್ ಸಂಸ್ಥೆಯಲ್ಲಿ ನಾನು ಹಿರಿಯ ಜಿಯೋಟೆಕ್ನಿಕಲ್ ಇಂಜಿನಿಯರ್. ಹೆಸರು ಉದ್ದವಾದರೂ ಕೆಲಸ ಇಷ್ಟೇ: ಮಣ್ಣು ನಿಲ್ಲುತ್ತದೆಯೋ ಜಾರುತ್ತದೆಯೋ ನೋಡಿ ಹೇಳುವುದು. ಲಾಸ್ ಗ್ಯಾಟೋಸ್ ಕಡೆಯ ಬೆಟ್ಟದಂಚಿನ ಮನೆಗಳ ಹಿತ್ತಿಲ ಗೋಡೆ ಬಿರುಕು ಬಿಟ್ಟರೆ, ಮಳೆಗೆ ಯಾರದೋ ಡ್ರೈವ್‌ವೇ ಕುಸಿದರೆ ನಮಗೆ ಫೋನು ಬರುತ್ತದೆ. ಆ ಆಗಸ್ಟಿನಲ್ಲಿ ಬಂದ ಫೋನು ಬೇರೆ ಥರದ್ದು. ಸಿಯೆರಾ ಬೆಟ್ಟಸಾಲಿನ ಒಂದು ಪುಟ್ಟ ಊರಿನವರು ತಮ್ಮ ಸ್ಕೀ ಜಂಪಿಂಗ್ ಗುಡ್ಡಕ್ಕೆ ಒಂದು ಪತ್ರ ಬೇಕು ಎಂದರು.

ಸ್ಕೀ ಜಂಪಿಂಗ್ ಟೀವಿಯಲ್ಲಿ ನೋಡಿರುತ್ತೀರಿ. ಎತ್ತರದ ಗೋಪುರದಿಂದ ಜಾರಿ ಬಂದವರು ತುದಿಯಲ್ಲಿ ಚಿಮ್ಮಿ, ಗಾಳಿಯಲ್ಲಿ ಮುಂದಕ್ಕೆ ಬಾಗಿ, ಕೆಳಗಿನ ಇಳಿಜಾರಿನಲ್ಲಿ ಬಂದು ಇಳಿಯುತ್ತಾರೆ. ಈ ಊರಿನ ಗುಡ್ಡ ಅಷ್ಟು ದೊಡ್ಡದಲ್ಲ. ಮರ ಕೊಯ್ಯುವ ಮಿಲ್ಲಿಗೆ ಕೆಲಸಕ್ಕೆ ಬಂದ ನಾರ್ವೆಯವರು ಬಹಳ ಹಿಂದೆ ತಮ್ಮ ಮಕ್ಕಳಿಗೆಂದು ಮರದ ಗೋಪುರ ಕಟ್ಟಿಕೊಂಡಿದ್ದರು. ಆಮೇಲೆ ಮಿಲ್ಲು ಮುಚ್ಚಿತು, ಸ್ಕೀ ಮಾಡುವ ಜನರೆಲ್ಲ ದೊಡ್ಡ ರೆಸಾರ್ಟುಗಳ ಕಡೆ ತಿರುಗಿದರು. ಊರು ಚಿಕ್ಕದಾಯಿತು, ಗುಡ್ಡ ಮಾತ್ರ ಉಳಿಯಿತು. ನಾನು ಹೋದ ಕಾಲಕ್ಕೆ ಅಲ್ಲಿ ಹಾರುತ್ತಿದ್ದವರು ಬೆರಳೆಣಿಕೆಯ ಮಕ್ಕಳು. ಅವರಿಗೆ ಕಲಿಸುತ್ತಿದ್ದವರು ಎಂಬತ್ತು ದಾಟಿದ ಡಾರತಿ.

ಆ ವರ್ಷದ ವಸಂತದಲ್ಲಿ ಇಳಿಜಾರಿನ ಮೇಲ್ಭಾಗದಲ್ಲಿ ಉದ್ದಕ್ಕೆ ಬಿರುಕು ಬಿಟ್ಟಿತ್ತು. ವಿಮೆ ಕಂಪನಿಯವರು, ಗುಡ್ಡ ಜಾರುವುದಿಲ್ಲ ಎಂದು ಇಂಜಿನಿಯರ್ ಬರೆದುಕೊಡಲಿ, ಇಲ್ಲವಾದರೆ ವಿಮೆ ಇಲ್ಲ ಎಂದುಬಿಟ್ಟರು. ಸೆಪ್ಟೆಂಬರ್ ಕೊನೆಗೆ ಊರಿನ ಕೌನ್ಸಿಲ್ ಸಭೆ. ಅಷ್ಟರೊಳಗೆ ಪತ್ರ ಬರದಿದ್ದರೆ ಗೋಪುರ ಕೆಡವಿ, ಗುಡ್ಡ ತಗ್ಗಿಸಿ, ಪ್ರವಾಸಿಗಳ ಕಾರು ನಿಲ್ಲಿಸಲು ಜಾಗ ಮಾಡುವುದು ಎಂದು ಮಾತಾಗಿತ್ತು.

ನನ್ನ ಜೊತೆ ಹೊರಟವರು ನಮ್ಮ ಸರ್ವೇಯರ್ ನಜೀರಣ್ಣ. ಧಾರವಾಡದವರು, ಇಲ್ಲಿಗೆ ಬಂದು ಮೂವತ್ತು ವರ್ಷವಾದರೂ ಮಾತು ಒಂದಿಷ್ಟೂ ಬದಲಾಗಿಲ್ಲ. ನನ್ನ ಕನ್ನಡ, ನಾವು ಈಗಲೂ ಇರುವ ಡ್ಯಾನ್‌ವಿಲ್‌ನ ಮನೆಯಲ್ಲಿ ಅಜ್ಜಿಯ ಮಗ್ಗುಲಲ್ಲಿ ಕೂತು ಕಲಿತದ್ದು. ನಾವಿಬ್ಬರೂ ಕಾರಿನಲ್ಲಿ ಹೊರಟರೆ ಫ್ರೀವೇ ಸವೆದದ್ದೇ ತಿಳಿಯುವುದಿಲ್ಲ. ಅಂದು ಗೋಪುರ ಕಣ್ಣಿಗೆ ಬಿದ್ದ ಕೂಡಲೇ ಅವರು ಕಾರಿನಿಂದ ಇಳಿದು ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಹಿಮಾ ಬಿದ್ದರ ಮನ್ಯಾಗ ಬೆಚ್ಚಗ ಕುಂದರಬೇಕು. ಇವರು ಅದರ ಮ್ಯಾಲಿಂದ ಜಿಗೀತಾರಲ್ಲ ತಂಗಿ!"

ಡಾರತಿ ನಮಗಾಗಿ ಕಾಯುತ್ತಿದ್ದರು. ಬೆನ್ನು ಬಾಗಿದರೂ ನಡಿಗೆ ಚುರುಕು. ಮೊಮ್ಮಗಳು ಎಮಿಯನ್ನು ಪರಿಚಯಿಸಿದರು. ಹನ್ನೊಂದರ ಹುಡುಗಿ, ಆ ಚಳಿಗಾಲದಲ್ಲಿ ಮೊದಲ ಸಲ ದೊಡ್ಡ ಗೋಪುರದಿಂದ ಹಾರುವವಳಿದ್ದಳು.

"ನಮ್ಮ ಕಾಲದಲ್ಲಿ ಹುಡುಗಿಯರಿಗೆ ಸ್ಪರ್ಧೆ ಇರಲಿಲ್ಲ," ಎಂದರು ಡಾರತಿ. "ಬೆಳಿಗ್ಗೆ ಗುಡ್ಡ ಸರಿಯಿದೆಯಾ ಅಂತ ನೋಡೋದಕ್ಕೆ ಮಾತ್ರ ನಮ್ಮನ್ನ ಹಾರಿಸ್ತಿದ್ರು. ಮುರಿದರೆ ನಮ್ಮ ಕಾಲು ಮುರೀಲಿ ಅಂತ! ಇವಳು ಪರೀಕ್ಷೆಗೆ ಹಾರೋದಲ್ಲ, ಹೆಸರು ಕೂಗಿಸಿಕೊಂಡು ಹಾರಬೇಕು. ಅದನ್ನ ನಾನು ನೋಡಬೇಕು."

ಗೋಪುರದ ಬುಡಕ್ಕೆ ರಸ್ತೆಯಿತ್ತು. ಅಲ್ಲಿಗೆ ಡ್ರಿಲ್ ರಿಗ್ ತರಿಸಿ ಕೊರೆಸಿದೆವು. ಸ್ವಲ್ಪ ಆಳಕ್ಕೇ ಗಟ್ಟಿ ಗ್ರಾನೈಟ್ ಸಿಕ್ಕಿತು. ಗೋಪುರದ ಚಿಂತೆ ಕಳೆಯಿತು. ಮಕ್ಕಳು ಬಂದಿಳಿಯುವ ಇಳಿಜಾರು ಮಾತ್ರ ಬಹಳ ಕಡಿದು, ರಿಗ್ ಇಳಿಯುವಂತಿರಲಿಲ್ಲ. ಮೇಲೆ ಕಪ್ಪು ಮಣ್ಣು, ಅದರ ಮೇಲೆ ಒತ್ತಾದ ಹುಲ್ಲು. ನೋಡಿದರೆ ಕಾಡಿನ ಒಳ್ಳೆಯ ಮಣ್ಣಿನಂತೆಯೇ ಇತ್ತು. ಬೇಸಿಗೆಗೆ ಗಟ್ಟಿಯಾಗಿದ್ದ ಆ ನೆಲಕ್ಕೆ ನಜೀರಣ್ಣ ಸಾಲಾಗಿ ಕಬ್ಬಿಣದ ಸರಳು ಹೊಡೆದು, ಒಂದೊಂದರ ತಲೆಗೂ ಬೆಳಕನ್ನು ಮರಳಿಸುವ ಪುಟ್ಟ ಪ್ರಿಸಂ ಕೂರಿಸಿದರು. ಎದುರು ಬಂಡೆಯ ಮೇಲೆ ಲೇಸರ್ ಉಪಕರಣವಿಟ್ಟು ನೋಡಿದರೆ ಸರಳು ಎಷ್ಟು ಸರಿದಿದೆ ಎಂದು ತಿಳಿಯುತ್ತದೆ.

ಸೆಪ್ಟೆಂಬರ್ ಮಧ್ಯದಲ್ಲಿ ಮತ್ತೆ ಹೋದೆವು. ನಡುವೆ ಒಂದು ಗುಡುಗು ಮಳೆ ಬಂದು ಹೋಗಿತ್ತು. ಲೇಸರ್ ಹಿಡಿದು ನೋಡಿದರೆ ಇಳಿಜಾರಿನ ಸರಳುಗಳೆಲ್ಲ ಎರಡು ಬೆರಳಿನಷ್ಟು ಕೆಳಕ್ಕೆ ಸರಿದಿದ್ದವು. ನಮ್ಮ ಲೆಕ್ಕದಲ್ಲಿ ಎರಡು ಬೆರಳು ಬಹಳ ಆಯಿತು. ಒಂದೇ ಮಳೆಗೆ ಇಷ್ಟಾದರೆ, ಹಿಮ ಕರಗಿ ನೀರಾದಾಗ ಇಡೀ ಮೈ ಜಾರಿ ಬರುತ್ತದೆ. ಕೆಳಗೆ ಮಕ್ಕಳು ನಿಂತಿರುತ್ತಾರೆ.

ಡಾರತಿಗೆ ಅಲ್ಲೇ ಹೇಳಿದೆ. "ನನ್ನ ಪತ್ರ ನೀವು ಬಯಸಿದ ಹಾಗೆ ಇರಲಿಕ್ಕಿಲ್ಲ."

ಅವರು ಹುಲ್ಲಿನ ಮೇಲೆ ಕುಳಿತುಬಿಟ್ಟರು. ಮಗುವಿನ ಕಾಯಿಲೆಯ ಸುದ್ದಿ ಕೇಳಿದವರ ಹಾಗೆ ಮಾತಾಡಿದರು. "ಈ ಗುಡ್ಡವನ್ನ ನಾವು ನೋಡಿಕೊಂಡಷ್ಟು ಚೆನ್ನಾಗಿ ಯಾರೂ ನೋಡಿಕೊಂಡಿರಲ್ಲ. ಒಂದು ವರ್ಷವೂ ಹೊದಿಸದೆ ಬಿಟ್ಟಿಲ್ಲ."

"ಹೊದಿಸೋದು ಅಂದರೆ?"

ಅವರು ವಿವರಿಸಿದರು. ಕಡಿದಾದ ಇಳಿಜಾರಿನಲ್ಲಿ ಹಿಮ ನಿಲ್ಲುವುದಿಲ್ಲ, ಜಾರಿ ಹೋಗುತ್ತದೆ. ಅದಕ್ಕೆ ಒರಟಾದ ಹಾಸು ಬೇಕು. ಅಕ್ಟೋಬರಿನ ಒಂದು ಶನಿವಾರ ಊರಿಗೆ ಊರೇ ಬಂದು ಗುಡ್ಡಕ್ಕೆ ಹೊದಿಸುತ್ತದೆ. ಮಿಲ್ಲಿದ್ದಾಗ ಅದರ ಮರದ ಹೊಟ್ಟು, ಆಮೇಲೆ ಒಣಹುಲ್ಲು, ಈಗ ಮರದ ಚೂರು. ಅದಕ್ಕೆ ಹೊದಿಕೆ ದಿನ ಎಂದೇ ಹೆಸರು. ಅಂದು ಅಡುಗೆ ಬಯಲಲ್ಲೇ. ಯಾರ ಮನೆಯಲ್ಲೂ ಒಲೆ ಹಚ್ಚುವುದಿಲ್ಲ. ಡಾರತಿಗೆ ಗಂಡನ ಪರಿಚಯವಾದದ್ದೂ ಅಂಥದೊಂದು ದಿನ, ಹೊಟ್ಟಿನ ಗಾಡಿಯ ಹಿಂದೆ.

"ಸರಿ, ಹಾಸಿದ್ದನ್ನ ತೆಗೆಯೋದು ಯಾವಾಗ?" ಎಂದು ಕೇಳಿದೆ.

"ತೆಗೆಯೋದಾ?" ಅವರು ನನ್ನ ಮುಖ ನೋಡಿದರು. "ಯಾಕೆ ತೆಗೀಬೇಕು?"

ಅಷ್ಟರಲ್ಲಿ ಕೆಳಗಿನಿಂದ ನಜೀರಣ್ಣನ ಕೂಗು ಕೇಳಿಸಿತು. ಅವರು ಮತ್ತೊಂದು ಸರಳು ಹೊಡೆಯಲು ಹೋಗಿದ್ದರು. "ತಂಗಿ, ಇಲ್ಲಿ ಬಾ ಸ್ವಲ್ಪ! ಸುತ್ತಿಗಿ ಬ್ಯಾಡ, ಕೈಲೆ ಒತ್ತಿದರ ಒಳಗ ಹೊಂಟೈತಿ. ಇದು ಗುಡ್ಡ ಅಲ್ಲ, ಗಾದಿ ಐತಿ, ಗಾದಿ!"

ಕೈಯಿಂದ ತಿರುಗಿಸುವ ಆಗರ್ ಎಂಬ ಬೈರಿಗೆ ಕಾರಿನಲ್ಲಿತ್ತು. ತಂದು ಕೊರೆದೆ. ಮೊದಲು ಕಪ್ಪು ಮಣ್ಣು. ಅದರಡಿಗೆ ಅರೆಕೊಳೆತ ಮರದ ಚೂರು. ಅದರಡಿಗೆ ಹುಲ್ಲಿನ ಪದರು, ಹಿಂಡಿದರೆ ನೀರು ಸೋರುತ್ತಿತ್ತು. ಮತ್ತೂ ಕೆಳಗೆ ಹಳದಿಯಾದ ಹೊಟ್ಟು. ಅದರ ನಡುವೆ ಒಂದು ಉಣ್ಣೆಯ ಕೈಗವಸಿನ ಹೆಬ್ಬೆರಳಿನ ತುಂಡು ಬಂತು. ಡಾರತಿ ಅದನ್ನು ಅಂಗೈಯಲ್ಲಿಟ್ಟುಕೊಂಡು ಒರೆಸಿದರು. ಹೊಟ್ಟನ್ನು ಮೂಗಿಗೆ ಹಿಡಿದು, "ಇದು ಮಿಲ್ಲಿದು," ಎಂದರು. "ನನ್ನ ಮದುವೆಯ ವರ್ಷ ಅದು ಮುಚ್ಚಿತು." ಆ ಊರಿನ ಗುಡ್ಡದ ಚರಿತ್ರೆಯನ್ನು ಯಾರೂ ಬರೆದಿಟ್ಟಿಲ್ಲ, ಆದರೆ ಅದಷ್ಟೂ ಅಲ್ಲಿ ಒಂದರ ಮೇಲೊಂದು ಮಲಗಿತ್ತು. ಸುಮಾರು ಐದು ಅಡಿ ಇಳಿದ ಮೇಲೆ ಬೈರಿಗೆ ಟಕ್ ಎಂದು ನಿಂತಿತು. ಕಲ್ಲು.

ಆ ಸದ್ದಿಗೆ ಡಾರತಿಗೆ ಏನೋ ನೆನಪಾಯಿತು. "ಇಲ್ಲೇ ಎಲ್ಲೋ, ಇಳಿಜಾರಿನ ಅಂಚಿಗೆ, ಒಂದು ಚಪ್ಪಟೆ ಬಂಡೆ ಇತ್ತು. ಚಿಕ್ಕವರಿದ್ದಾಗ ಅದರ ಮೇಲೆ ಕೂತು ಬೂಟು ಕಟ್ಟಿಕೊಳ್ತಿದ್ವಿ. ಹಗ್ಗ ಕಟ್ಟೋದಕ್ಕೆ ಒಂದು ಕಬ್ಬಿಣದ ಬಳೆಯೂ ಇತ್ತು. ಯಾರೋ ಕಿತ್ತು ಹಾಕಿದ್ರು ಅಂತಲೇ ಇಷ್ಟು ದಿನ ಅಂದುಕೊಂಡಿದ್ದೆ."

ಮರುದಿನ ಊರಿನ ನಾಲ್ಕಾರು ಜನ ಸಲಿಕೆ ತಂದರು. ಮಧ್ಯಾಹ್ನ ನಜೀರಣ್ಣ ತಂದಿದ್ದ ಜೋಳದ ರೊಟ್ಟಿ, ಶೇಂಗಾ ಚಟ್ನಿಯನ್ನು ಎಲ್ಲರೂ ಹಂಚಿಕೊಂಡು ತಿಂದೆವು. ಸಂಜೆಯ ಹೊತ್ತಿಗೆ ಬಂಡೆ ಬಯಲಾಯಿತು, ತುಕ್ಕು ಹಿಡಿದ ಬಳೆಯ ಸಮೇತ. ನಜೀರಣ್ಣ ಅದಕ್ಕೂ ಒಂದು ಪ್ರಿಸಂ ಅಂಟಿಸಿದರು. ಮುಂದಿನ ದಿನಗಳಲ್ಲಿ ಮತ್ತೆ ಮಳೆ ಬಿತ್ತು. ಸುತ್ತಲಿನ ಸರಳುಗಳು ಸರಿದವು, ಬಂಡೆ ಕದಲಲಿಲ್ಲ.

"ಗುಡ್ಡ ಎಲ್ಲೂ ಹೊಂಟಿಲ್ಲ," ಎಂದರು ನಜೀರಣ್ಣ. "ಹೊಂಟಿದ್ದು ಅದರ ಕೌದಿ."

ಉತ್ತರ ಸಿಕ್ಕಿತ್ತು, ಆದರೆ ಅದನ್ನು ಹೇಳುವುದು ಕಷ್ಟವಿತ್ತು. ಆ ಊರಿನವರು ಯಾವ ಕೆಲಸವನ್ನು ಹಬ್ಬದಂತೆ ಮಾಡಿಕೊಂಡು ಬಂದಿದ್ದರೋ ಅದೇ ಗುಡ್ಡವನ್ನು ತಿನ್ನುತ್ತಿತ್ತು. ಕೌನ್ಸಿಲ್ ಸಭೆ ನಡೆದದ್ದು ಶಾಲೆಯ ಸಭಾಂಗಣದಲ್ಲಿ. ನಾನು ಪದರುಗಳ ಚಿತ್ರ ತೋರಿಸಿ, ಕೊಳೆತ ಹಾಸು ಸ್ಪಂಜಿನಂತೆ ನೀರು ಹೀರಿ ಭಾರವಾಗಿ ಬಂಡೆಯ ಮೇಲೆ ಜಾರುತ್ತಿದೆ ಎಂದೆ. ಹಿಂದಿನ ಸಾಲಿನಲ್ಲಿದ್ದ ಒಬ್ಬ ದೊಡ್ಡ ಆಳು ಎದ್ದು ನಿಂತ. ಮರದ ಚೂರು ಒದಗಿಸುತ್ತಿದ್ದವನು ಅವನೇ ಎಂದು ಆಮೇಲೆ ತಿಳಿಯಿತು.

"ಅಂದರೆ ನಮ್ಮಪ್ಪ, ತಾತ ಎಲ್ಲಾ ಸೇರಿ ಗುಡ್ಡ ಹಾಳು ಮಾಡಿದ್ರು ಅಂತ ಹೇಳೋದಕ್ಕೆ ನೀವು ಬೇ ಏರಿಯಾದ ಸಿಟಿಯಿಂದ ಬಂದ್ರಾ?"

ನಾನು ಸಿದ್ಧಪಡಿಸಿದ್ದ ಮಾತಿನ ಹಾಳೆ ಮಡಚಿಟ್ಟೆ. ಬಾಯಿಗೆ ಬಂದವಳು ಅಜ್ಜಿ. ಡ್ಯಾನ್‌ವಿಲ್‌ಗೆ ಬಂದ ಮೇಲೂ ಅಜ್ಜಿ ಚಳಿಗಾಲವಿಡೀ ನಮಗೆ ಹೊದಿಕೆಯ ಮೇಲೆ ಹೊದಿಕೆ ಹಾಕುತ್ತಿದ್ದಳು. ಮಾರ್ಚ್ ಬಿಸಿಲು ಬಂದಿತೋ, ಮನೆಯ ಹಾಸಿಗೆ, ಕೌದಿ, ದಿಂಬು ಅಷ್ಟನ್ನೂ ಹಿತ್ತಿಲ ಬೇಲಿಗೆ ಹರಡಿ ಕೋಲಿನಿಂದ ಬಡಿಯುತ್ತಿದ್ದಳು. ನೆರೆಯವರು ಗಾಬರಿಯಾಗಿ ನೋಡುತ್ತಿದ್ದರು. "ಹೊದಿಸಿದವಳೂ ಅವಳೇ, ತೆಗೆದು ಬಡಿದವಳೂ ಅವಳೇ," ಎಂದೆ. "ನಿಮ್ಮ ತಾತ ಮಾಡಿದ್ದರಲ್ಲಿ ತಪ್ಪಿಲ್ಲ. ಅವರು ಹಾಸದಿದ್ದರೆ ಇಲ್ಲಿ ಯಾರೂ ಹಾರುತ್ತಲೇ ಇರಲಿಲ್ಲ. ಅರ್ಧ ಕೆಲಸ ಆಗಿದೆ. ಉಳಿದ ಅರ್ಧ ಆಗಲಿ, ನಾನು ಪತ್ರಕ್ಕೆ ಸಹಿ ಹಾಕುತ್ತೇನೆ."

ಕೌನ್ಸಿಲ್ ಅಧ್ಯಕ್ಷರು ಆಗದು ಎಂಬಂತೆ ತಲೆಯಾಡಿಸಿದರು. ಹಿಮ ಬೀಳುವ ಮೊದಲು ಯಾವ ಕಂಟ್ರಾಕ್ಟರೂ ಸಿಗುವುದಿಲ್ಲ, ಅಷ್ಟು ಕಡಿದಾದ ಜಾಗಕ್ಕೆ ಯಂತ್ರವೂ ಇಳಿಯುವುದಿಲ್ಲ, ಆದ್ದರಿಂದ ಈ ಮಾತನ್ನು ಇಲ್ಲಿಗೇ ಬಿಡೋಣ ಎಂದರು.

ಡಾರತಿ ಕೂತಲ್ಲಿಂದಲೇ ಹೇಳಿದರು: "ಹೊದಿಕೆ ದಿನ ಹೇಗೂ ಬರ್ತಾ ಇದೆಯಲ್ಲ. ಎಲ್ಲರೂ ಬರ್ತೀವಿ, ಅಡುಗೆಯೂ ಆಗುತ್ತೆ. ಈ ಸಲ ಹಾಕೋ ಬದಲು ತೆಗೆಯೋಣ."

ಪತ್ರಕ್ಕಾಗಿ ನವೆಂಬರ್ ಕೊನೆಯವರೆಗೆ ಕಾಯಲು ಕೌನ್ಸಿಲ್ ಒಪ್ಪಿತು. ಅಕ್ಟೋಬರಿನ ಆ ಶನಿವಾರ ನಾನು ಮನೆಯವರನ್ನೆಲ್ಲ ಕಟ್ಟಿಕೊಂಡು ಹೋದೆ. ಇಂಥ ಕೆಲಸವನ್ನು ಮೇಲಿನಿಂದಲೇ ಶುರು ಮಾಡಬೇಕು. ಬುಡದಿಂದ ಕೆದಕಿದರೆ ಮೇಲಿನದು ತಲೆಯ ಮೇಲೆ ಬರುತ್ತದೆ. ಅದಕ್ಕೆ ಜನರನ್ನು ಗುಡ್ಡದ ನೆತ್ತಿಯಲ್ಲಿ ಅಡ್ಡ ಸಾಲಾಗಿ ನಿಲ್ಲಿಸಿ, ಪದರು ಪದರಾಗಿ ಬದಿಯ ರಸ್ತೆಗೆ ಸಾಗಿಸಿದೆವು. ಸಭೆಯಲ್ಲಿ ಸಿಟ್ಟಾಗಿದ್ದವನೇ ತನ್ನ ಟ್ರಕ್ಕು ತಂದಿದ್ದ. ಒಂದು ಶನಿವಾರಕ್ಕೆ ಮುಗಿಯಲಿಲ್ಲ. ಮುಂದಿನ ವಾರಾಂತ್ಯಗಳಲ್ಲೂ ಜನ ಬಂದರು. ತೆಗೆದ ಗೊಬ್ಬರ ಊರಿನ ತೋಟಗಳಿಗೆ ಹೋಯಿತು. ನಜೀರಣ್ಣನೂ ಎರಡು ಚೀಲ ಹೊತ್ತು ತಂದು ಹಿತ್ತಿಲ ಮೆಂತ್ಯಕ್ಕೆ ಹಾಕಿದರು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರಿಸುವ ನನ್ನ ಮಗಳು, ಕಾಲಿನ ತುಂಬ ಕೆಸರು ಮಾಡಿಕೊಂಡು, "ಅಮ್ಮಾ, ಕ್ಯಾನ್ ವಿ ಕಮ್ ನೆಕ್ಸ್ಟ್ ವೀಕ್ ಟೂ?" ಎಂದಳು.

ಮೇಲಿನ ನೀರು ಬದಿಗೆ ಹರಿಯುವಂತೆ ನೆತ್ತಿಯಲ್ಲಿ ಕಾಲುವೆ ತೋಡಿಸಿದೆವು. ಹಿಮ ನಿಲ್ಲಲು ಹೊಟ್ಟಿನ ಬದಲು ದಪ್ಪ ನಾರಿನ ಬಲೆ ಹಾಸಿ ಗೂಟ ಹೊಡೆದೆವು. ವಸಂತದಲ್ಲಿ ಅದನ್ನು ಸುತ್ತಿ ಎತ್ತಿಡಬಹುದು. ನವೆಂಬರಿನಲ್ಲಿ ಮತ್ತೆ ಅಳೆದು, ಹೊಸದಾಗಿ ನೆಟ್ಟ ಯಾವ ಗುರುತೂ ಸರಿದಿಲ್ಲವೆಂದು ಕಂಡು, ಪತ್ರಕ್ಕೆ ಸಹಿ ಹಾಕಿದೆ.

ಡಿಸೆಂಬರಿನಲ್ಲಿ ಒಳ್ಳೆಯ ಹಿಮ ಬಿತ್ತು. ನಾವು ಹೋದಾಗ ಇಡೀ ಊರು ಗುಡ್ಡದ ಬುಡದಲ್ಲಿತ್ತು. ಮೈಕಿನಲ್ಲಿ ಎಮಿಯ ಹೆಸರು ಕೂಗಿದರು. ಬಯಲಾದ ಹಳೆಯ ಬಂಡೆಯ ಮೇಲೆ ಡಾರತಿ ಕಂಬಳಿ ಹೊದ್ದು ಕುಳಿತಿದ್ದರು. ಹುಡುಗಿ ಜಾರಿ ಬಂದಳು, ಚಿಮ್ಮಿದಳು. ನಜೀರಣ್ಣ ಕಣ್ಣು ಮುಚ್ಚಿಕೊಂಡರು.

"ಇಳದಳೇನ ತಂಗಿ?"

"ಇಳಿದಳು ನಜೀರಣ್ಣ, ಕಣ್ಣು ಬಿಡಿ."

ಬಹಳ ಮೆತ್ತಗೆ ಇಳಿದಿದ್ದಳು. ಅದಕ್ಕೂ ಕಾರಣವಿತ್ತು. ವರ್ಷವರ್ಷದ ಹಾಸು ಸೇರಿ ಇಳಿಜಾರಿನ ಬಾಗು ಚಪ್ಪಟೆಯಾಗಿತ್ತು. ಚಪ್ಪಟೆ ನೆಲಕ್ಕೆ ಬಿದ್ದರೆ ಮೊಣಕಾಲಿಗೆ ಪೆಟ್ಟು ಜಾಸ್ತಿ. ಈಗ ನಾರ್ವೆಯವರು ಕಟ್ಟಿದ ಮೊದಲಿನ ಬಾಗು ವಾಪಸು ಬಂದಿತ್ತು. ಡಾರತಿ ಹಿಮ ಒರೆಸಿಕೊಳ್ಳುವ ನೆಪದಲ್ಲಿ ಕಣ್ಣೊರೆಸಿಕೊಂಡು, "ನಾನು ಹಾರಿದ ಗುಡ್ಡ ಇದೇ," ಎಂದರು.

ಅಂದಿನಿಂದ ಯಾರ ಹಿತ್ತಿಲ ಗೋಡೆ ನೋಡಲು ಹೋದರೂ ಒಂದು ಪ್ರಶ್ನೆ ಕೇಳುವ ಅಭ್ಯಾಸವಾಗಿದೆ. ಇಲ್ಲಿ ಏನೇನು ತಂದು ಹಾಕಿದ್ದೀರಿ ಎಂದರೆ ಜನ ಹುರುಪಿನಿಂದ ಹೇಳುತ್ತಾರೆ. ಏನನ್ನು ಯಾವಾಗ ತೆಗೆದಿರಿ ಎಂದರೆ ಸುಮ್ಮನಾಗುತ್ತಾರೆ. ಬಿರುಕಿನ ಕಾರಣ ಸಾಮಾನ್ಯವಾಗಿ ಆ ಮೌನದ ಹತ್ತಿರದಲ್ಲೇ ಸಿಗುತ್ತದೆ. ಯಾವುದನ್ನಾದರೂ ಕಾಪಾಡುವುದೆಂದರೆ ಅದಕ್ಕೆ ಸೇರಿಸುತ್ತ ಹೋಗುವುದು ಎಂದು ನಾನೂ ತಿಳಿದಿದ್ದೆ. ಕಡಿಮೆ ಮಾಡುವುದಕ್ಕೂ ಅಷ್ಟೇ ಅಕ್ಕರೆ ಬೇಕು ಎಂದು ಕಲಿಸಿದ್ದು ಆ ಗುಡ್ಡ.

ಈ ಏಪ್ರಿಲಿನಲ್ಲಿ ಡಾರತಿ ಒಂದು ಫೋಟೋ ಕಳಿಸಿದರು. ಗೋಪುರದ ಕಟಕಟೆಯ ಉದ್ದಕ್ಕೂ ನಾರಿನ ಬಲೆಗಳನ್ನು ಬಿಸಿಲಿಗೆ ಹರಡಿದ್ದಾರೆ. ಎಮಿ ಮತ್ತು ಜೊತೆಯ ಮಕ್ಕಳು ಕೋಲು ಹಿಡಿದು ಅವನ್ನು ಬಡಿಯುತ್ತಿದ್ದಾರೆ. ಕೆಳಗೆ ಒಂದು ಸಾಲು: "ನಿಮ್ಮ ಅಜ್ಜಿಗೆ ತೋರಿಸಿ." ಅಜ್ಜಿ ಈಗಿಲ್ಲ. ಆದರೂ ಫೋಟೋವನ್ನು ಪ್ರಿಂಟು ಹಾಕಿಸಿ, ಹಿತ್ತಿಲಿಗೆ ಹೋಗುವ ಬಾಗಿಲ ಪಕ್ಕ, ಅಜ್ಜಿ ಕೌದಿ ಹರಡುತ್ತಿದ್ದ ಆ ಬೇಲಿ ಕಾಣುವ ಕಡೆಗೆ ಅಂಟಿಸಿದ್ದೇನೆ.