ಎಡಗಡೆಯ ಇಂಡಿಕೇಟರ್

ಇಪ್ಪತ್ತು ವರ್ಷ ನಾನು ಒಂದೇ ಕಂಪನಿಯ ಕಾರು ಓಡಿಸಿದವನು. ಅದು ಗುಜರಿಗೆ ಹೋದ ಮೇಲೂ ಬೇರೆ ಕಂಪನಿಯದು ಬೇಡವೆಂದು ಹಟ ಹಿಡಿದಿದ್ದೆ. ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ ನಿಂತು ನಿಂತು ಹೆಂಡತಿಯ ಮೊಣಕಾಲು ಸೋತವು. ಆಗ ಹೈಟೆಕ್ ಸಿಟಿಯ ಸಾಫ್ಟ್‌ವೇರ್ ಹುಡುಗರು ಕಾರುಗಳನ್ನು ಅಂಗಿಯಂತೆ ಬದಲಿಸುತ್ತಿದ್ದರು. ಅಂಥವನೊಬ್ಬನ ಹಳೆಯ ಕಾರನ್ನು ಅವಳೇ ಹುಡುಕಿದಳು. ಬೇರೆ ಕಂಪನಿಯದು.

"ಹೊಸದಕ್ಕ ಗೀರು ಬಿದ್ರ ನೀವು ಊಟ ಬಿಡ್ತೀರಿ. ಇದಕ್ಕ ಆಗ್ಲೇ ಬಿದ್ದಾವ. ಇದನ್ನೂ ಬ್ಯಾಡ ಅಂದ್ರ ನಾ ಕೆಲಸಾನೇ ಬಿಡ್ತೀನ್ರಿ," ಎಂದಳು.

ಆ ಹುಡುಗನನ್ನು ಪಕ್ಕದಲ್ಲಿ, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಮೆಹದಿಪಟ್ಟಣಂನ ಗಿಜಿಗುಡುವ ರಸ್ತೆಯಲ್ಲಿ ಓಡಿಸಿ ನೋಡಿದೆ. ಬಲಕ್ಕೆ ತಿರುಗಬೇಕಿತ್ತು, ಹಿಂದೆ ಲಾರಿಯ ಹಾರ್ನು. ಅಭ್ಯಾಸಬಲದಿಂದ ಸ್ಟೇರಿಂಗಿನ ಬಲಗಡೆಯ ಕಡ್ಡಿ ಒತ್ತಿದೆ. ಒಣಗಾಜಿನ ಮೇಲೆ ವೈಪರ್ ಕರಕರ ಓಡಿತು.

"ಅಂಕಲ್, ಈ ಕಂಪನೀದಕ್ಕ ಇಂಡಿಕೇಟರ್ ಎಡಕ್ಕ ಇರ್ತೈತ್ರಿ," ಎಂದ ಹುಡುಗ.

ಅಷ್ಟರಲ್ಲಿ ಆಟೋ ಒಂದು ಅಡ್ಡ ನುಗ್ಗಿತು. ಬ್ರೇಕ್ ತುಳಿದೆ. ಕಾರು ಗಕ್ಕನೆ ನಿಂತಿತು. ಪುಣ್ಯಕ್ಕೆ ಲಾರಿಯೂ ನಿಂತಿತು. ವೈಪರ್ ಮಾತ್ರ ನಿಲ್ಲಲಿಲ್ಲ.

"ಕಾರ್ ಭಾಳ ಚಲೋ ಐತಿ," ಎಂದಳು ಹಿಂದಿನ ಸೀಟಿನಿಂದ ಹೆಂಡತಿ. "ಓಡಿಸೋದು ನಾನೇ ಕಲೀತೀನಿ. ನೀವು ಬಾಜೂಕ ಕೂತು ಚಿಂತಿ ಮಾಡ್ರಿ."

ಬಲಗಡೆಯ ಕಡ್ಡಿ ಎಳೆದು ವೈಪರ್ ನಿಲ್ಲಿಸಿದೆ. ತಗೊಳ್ಳೋಣ ಎಂದೆ.