ಆಟಿ ಮಳೆಯಲ್ಲಿ ನೀರು ಹೊತ್ತವಳು

ಜಡಿಮಳೆಯ ಆಟಿ ತಿಂಗಳು ಹುಟ್ಟಿದ ಮೇಲೆ ಭಾಗಮಂಡಲದ ಹೊಳೆಯಲ್ಲಿ ನೀರಿನ ಸದ್ದಿಗಿಂತ ಕಲ್ಲಿನ ಸದ್ದು ಹೆಚ್ಚು. ಕೆಂಪು ನೀರಿನ ಅಡಿಯಲ್ಲಿ ಗುಂಡುಕಲ್ಲುಗಳು ಒಂದಕ್ಕೊಂದು ತಾಗುತ್ತ ಉರುಳುತ್ತವೆ. ದಡದ ಮನೆಯೊಳಗೆ ಕೂತವರಿಗೆ, ಅಟ್ಟದ ಮೇಲೆ ಯಾರೋ ಒನಕೆ ಎಳೆದ ಹಾಗೆ ಕೇಳುತ್ತದೆ. ಪೂವಮ್ಮ ಆ ಸದ್ದಿನಲ್ಲೇ ಬೆಳೆದವಳು. ಮದುವೆಯಾಗಿ ಹೋಗಿ, ನಾಲ್ಕು ವರ್ಷಕ್ಕೆ ಗಂಡನನ್ನು ಕಳೆದುಕೊಂಡು, ಮತ್ತೆ ಅದೇ ಸದ್ದಿಗೆ ತಿರುಗಿ ಬಂದವಳು.

ಕರಾವಳಿಗೆ ರೈಲು ಬರುವುದಕ್ಕೆ ಎಂಟು ಹತ್ತು ವರ್ಷ ಮೊದಲಿನ ಮಾತು ಇದು. ಆಟಿಯ ಮೊದಲ ವಾರ ಮಂಗಳೂರಿನಿಂದ ಒಂದು ಕಾರ್ಡು ಬಂತು. ಪೂವಮ್ಮನ ತಮ್ಮ ಬೊಳ್ಳಪ್ಪ ಅಲ್ಲಿ ಹೆಂಚಿನ ಕಾರ್ಖಾನೆ ಸೇರಿ ಒಂಬತ್ತು ವರ್ಷವಾಗಿತ್ತು. ಆಸ್ಪತ್ರೆಯ ಕಂಪೌಂಡರ ಕೈಯಲ್ಲಿ ಬರೆಸಿದ್ದ. ಎದೆಯ ಕಾಯಿಲೆ, ಹೆಚ್ಚು ದಿನ ಇಲ್ಲವೆನ್ನುತ್ತಾರೆ, ಮನೆಯ ತೀರ್ಥ ಒಂದು ಗುಟುಕು ಬೇಕು. ಅಷ್ಟೇ.

ತುಲಾ ಸಂಕ್ರಮಣದ ದಿನ ತಲಕಾವೇರಿಯಿಂದ ತಂದ ತೀರ್ಥವನ್ನು ಆ ಮನೆಯವರು ಬಿದಿರಿನ ಅಂಡೆಯಲ್ಲಿ ತುಂಬಿ, ಮುಚ್ಚಳಕ್ಕೆ ಜೇನುಮೇಣ ಬಳಿದು ಇಡುತ್ತಿದ್ದರು. ಸಾಯುವವರ ಬಾಯಿಗೆ ಬಿಡುವ ನೀರು ಅದು. ಅಂಡೆಯನ್ನು ನೆಲಕ್ಕೆ ಇಡುವಂತಿಲ್ಲ. ಎಲ್ಲಾದರೂ ತೂಗುಹಾಕಬೇಕು.

ತಮ್ಮ ಮನೆ ಬಿಟ್ಟ ದಿನ ಅಂಗಳದಲ್ಲಿ ನಿಂತು ಪೂವಮ್ಮ ಒಂದು ಮಾತು ಆಡಿದ್ದಳು. "ಹೋಗ್. ಸಾಯೋವಾಗ ಬಾಯಿಗೆ ನೀರ್ ಬಿಡೋಕೂ ಅಲ್ಲಿ ಯಾರೂ ಇಲ್ಲೆ, ನೆನಪಿಟ್ಕೋ." ಅವನು ತಿರುಗಿ ನೋಡಿರಲಿಲ್ಲ. ಶಾಲೆಯ ಮೇಷ್ಟ್ರು ಕಾರ್ಡು ಓದಿ ಹೇಳಿದಾಗ ಅವಳಿಗೆ ಕೇಳಿಸಿದ್ದು ತನ್ನದೇ ಆ ಮಾತು.

"ನಾಟಿ ಹೊತ್ತಿಲಿ ಒಂದ್ ಆಳೂ ಬಿಡೋಕಾಗದು," ಎಂದರು ಚಿಕ್ಕಪ್ಪ ಪದ್ಮಯ್ಯ. "ಸಂಪಾಜೆ ದಾರಿಲಿ ಗುಡ್ಡದ ಬರೆ ಕುಸ್ದುಟ್ಟು. ಆಟಿ ಕಳೀಲಿ, ನೋಡುವ."

"ಆಟಿ ಕಳಿಯೋವರೆಗೆ ಅವ ಕಾಯೋದಿಲ್ಲೆ, ಚಿಕ್ಕಪ್ಪ."

"ಮತ್ತೆ, ನೀ ಒಬ್ಳೇ ಹೋಗ್ತೀಯಾ?"

ಅವಳು ಜಂತಿಯಿಂದ ಅಂಡೆಯನ್ನು ಇಳಿಸಿಕೊಂಡಳು. ಅದೇ ಉತ್ತರವಾಯಿತು.

ಸಂಪಾಜೆ ಬಿಟ್ಟು ಕರಿಕೆಯ ಕಾಡುದಾರಿ ಹಿಡಿದಳು. ತಲೆಯ ಮೇಲೆ ಮಳೆಗೆ ಎಲೆ ಹೆಣೆದ ಗೊರಬೆ, ಸೊಂಟಕ್ಕೆ ಉಪ್ಪಿನ ಪೊಟ್ಟಣ, ಬಗಲಲ್ಲಿ ಅಂಡೆ. ಬೆಟ್ಟದ ಏಣು ದಾಟುವಲ್ಲಿ ಒಂದು ತಿರುವು ಇದೆ. ಈಚೆ ಬಿದ್ದ ಮಳೆ ಕಾವೇರಿಗೆ, ಆಚೆ ಬಿದ್ದದ್ದು ಪಡುವಣ ಸಮುದ್ರಕ್ಕೆ. ಅಪ್ಪ ಚಿಕ್ಕಂದಿನಲ್ಲಿ ತೋರಿಸಿದ್ದರು. ಅಲ್ಲಿ ಒಂದು ಕ್ಷಣ ನಿಂತು ಹೊರಟಳು.

ಎರಡನೆಯ ಸಂಜೆ ಪಾಣತ್ತೂರಿನ ಒಂದು ಮನೆಯಲ್ಲಿ ಜಾಗ ಕೊಟ್ಟರು. ಅಂಡೆ ತೂಗುಹಾಕಲು ಅಲ್ಲಿದ್ದದ್ದು ಒಂದೇ ಗೂಟ, ಒಲೆಯ ಮೇಲಿನದು. ನೆಲಕ್ಕಂತೂ ಇಡುವಂತಿಲ್ಲ. ಅಲ್ಲಿಗೇ ಸಿಕ್ಕಿಸಿ ಮಲಗಿದಳು. ಬೆಳಿಗ್ಗೆ ಮನೆಯಾಕೆ ಗಂಜಿ ಬೇಯಿಸಿ ಕೊಟ್ಟು ದಾರಿ ಹೇಳಿದಳು.

"ಸಮುದ್ರ ಕಂಡ್ಮೇಲೆ ಎಡಗಡೆಗೆ ಇಟ್ಕೊಂಡು ಹೋಗು ಅಕ್ಕ. ತಪ್ಪೋದೇ ಇಲ್ಲ."

ಸಮುದ್ರ ಕಂಡದ್ದು ಮತ್ತೆರಡು ದಿನ ಕಳೆದ ಮೇಲೆ, ಹೊಸದುರ್ಗದ ಹತ್ತಿರ. ಆಚೆಯ ದಡವಿಲ್ಲದ ಹೊಳೆಯನ್ನು ಅವಳು ನೋಡಿರಲಿಲ್ಲ. ಆಕಾಶದ ಬೂದಿ ಬಣ್ಣವೇ ಕೆಳಗೂ ಹಾಸಿಕೊಂಡಿತ್ತು. ಮಳೆ ಎಲ್ಲಿ ಮುಗಿದು ನೀರು ಎಲ್ಲಿ ಶುರುವಾಗುತ್ತದೆಂದು ತಿಳಿಯುತ್ತಿರಲಿಲ್ಲ. ಅವಳು ಕಿವಿಗೊಟ್ಟಳು. ಸದ್ದು ದೊಡ್ಡದೇ, ಆದರೆ ಅದರಲ್ಲಿ ಕಲ್ಲು ಇರಲಿಲ್ಲ.

ದಾರಿಯಲ್ಲಿ ಸಿಕ್ಕವರು ಮಲಯಾಳ ಆಡುತ್ತಿದ್ದರು. ಅವಳು "ಮಂಗಳೂರು" ಎನ್ನುವಳು, ಅವರು ಕೈ ತೋರಿಸುವರು. ದಿನಕ್ಕೆ ಅದೊಂದೇ ಮಾತು. ಒದ್ದೆ ಮರಳಿನಲ್ಲಿ ಹಿಂದಿರುಗಿ ನೋಡಿದರೆ ತನ್ನ ಹೆಜ್ಜೆಗಳು ಆಗಲೇ ತುಂಬಿಹೋಗಿರುತ್ತಿದ್ದವು. ಬೇಕಲದ ಕೋಟೆಯ ಗೋಡೆಗೆ ಒರಗಿ ಒಂದು ಮಧ್ಯಾಹ್ನ ಕೂತಳು, ಅಂಡೆ ಮಡಿಲಲ್ಲಿ. ನಿದ್ದೆ ತೂಗಿದಾಗೆಲ್ಲ ಬೆಚ್ಚಿ ಅದನ್ನು ಮುಟ್ಟಿ ನೋಡಿಕೊಂಡಳು.

ಚಂದ್ರಗಿರಿ ಹೊಳೆಯಲ್ಲಿ ದೋಣಿ ನಡೆಸುವ ಸುಬ್ಬನಿಗೆ ಕನ್ನಡ ಬರುತ್ತಿತ್ತು. ದೋಣಿಯಲ್ಲಿ ಅವಳೊಬ್ಬಳೇ.

"ಅದರಲ್ಲಿ ಎಂತ ಅಮ್ಮ, ಕಳ್ಳು ಉಂಟಾ?"

"ತೀರ್ಥ. ಕಾವೇರಿದ್."

ಅವನು ಮೇಲೆ ನೋಡಿದ, ಸುತ್ತ ನೋಡಿದ. "ಈ ಮಳೆಯಲ್ಲಿ ನೀರು ಹೊತ್ತು ಹೋಗುವವರನ್ನು ಇವತ್ತೇ ಕಂಡದ್ದು ನಾನು."

ಪೂವಮ್ಮನಿಗೂ ನಗು ಬಂತು. ಎಷ್ಟೋ ದಿನದ ಮೇಲೆ ಬಂದ ನಗು. ತೋರಿಸಲೆಂದು ಅಂಡೆಯನ್ನು ಎತ್ತಿದಳು. ಹೆಬ್ಬೆರಳ ಕೆಳಗೆ ಮುಚ್ಚಳ ಜಾರಿತು.

ಅವಳು ಮುಚ್ಚಳದ ಸುತ್ತ ಬೆರಳಾಡಿಸಿದಳು. ಮೇಣ ಕರಗಿ ಒಂದು ಪಕ್ಕಕ್ಕೆ ಹರಿದು ಗಟ್ಟಿಯಾಗಿತ್ತು. ಪಾಣತ್ತೂರಿನ ಒಲೆ. ಓರೆಯಾಗಿ ತೂಗಿದ ಅಂಡೆಯಿಂದ ತೀರ್ಥ ಸೋರಿಹೋಗಿದೆ. ಒಳಗೆ ಇಣುಕಿದಳು. ತಳದಲ್ಲಿ ಎರಡು ಬೆರಳಷ್ಟು ನೀರು. ಅದು ಉಳಿದ ತೀರ್ಥವೋ, ಸಡಿಲ ಮುಚ್ಚಳದಿಂದ ಒಳಗಿಳಿದ ಮಳೆಯೋ, ಎರಡೂ ಬೆರೆತದ್ದೋ. ಮಳೆಯಾದರೆ ಏಣಿನ ಪಡುವಣ ಬದಿಯದು. ಕಾವೇರಿಗೂ ಅದಕ್ಕೂ ಏನೂ ಸಂಬಂಧವಿಲ್ಲ.

"ಎಂತಾಯ್ತು?" ಎಂದ ಸುಬ್ಬ.

"ಎಂತ ಇಲ್ಲೆ. ಹುಟ್ಟು ಹಾಕಿ."

ತಿರುಗಿ ಹೋದರೆ ಐದು ದಿನ, ಮತ್ತೆ ಬರಲು ಐದು. ದಡ ಹತ್ತಿದವಳು ಸಮುದ್ರವನ್ನು ಎಡಕ್ಕಿಟ್ಟುಕೊಂಡು ನಡೆದಳು. ಕುಂಬಳೆ, ಮಂಜೇಶ್ವರ. ಬೊಳ್ಳಪ್ಪನಿಗೆ ಗೊತ್ತಾಗುವುದಿಲ್ಲ ಎಂದು ಒಂದು ಮೈಲಿ ಅಂದುಕೊಳ್ಳುವಳು. ಮುಂದಿನ ಮೈಲಿಯಲ್ಲಿ, ತನಗೆ ಗೊತ್ತಲ್ಲ ಎಂದುಕೊಳ್ಳುವಳು. ಮುಚ್ಚಳದ ಮೇಲೆ ಬಾಳೆಲೆ ಸುತ್ತಿ ಕಟ್ಟಿದಳು. ನೇತ್ರಾವತಿಯ ದೋಣಿಯವರು ಅಂಡೆಯಲ್ಲಿ ಏನೆಂದು ಕೇಳಿದಾಗ ಸಮುದ್ರದ ಕಡೆ ಮುಖ ಮಾಡಿ ಕೂತಳು.

ಮಂಗಳೂರಿನ ಆಸ್ಪತ್ರೆಯ ಜಗಲಿಯಲ್ಲಿ ಕಂಪೌಂಡರು ಜಯಪ್ಪ ಅವಳನ್ನು ಕಂಡ ಕೂಡಲೆ ಎದ್ದುನಿಂತರು. ಕಾರ್ಡು ಬರೆದವರು ಅವರೇ.

"ಬೊಳ್ಳಪ್ಪನ ಅಕ್ಕನಾ? ಮೂಗು ನೋಡಿಯೇ ಗೊತ್ತಾಯ್ತು. ಇದ್ದಾನೆ, ಇದ್ದಾನೆ. ಎರಡು ದಿನದಿಂದ ಗಂಜಿ ಬೇಡ, ಔಷಧಿ ಬೇಡ, ಬಾಗಿಲು ನೋಡೋದೊಂದೇ ಕೆಲಸ. ತೀರ್ಥ ತಂದ್ರಾ?"

ಅವಳು ಮುಚ್ಚಳದ ಮೇಲಿನ ಬಾಳೆಲೆಯ ಕಟ್ಟನ್ನು ಬೆರಳಿಂದ ಒತ್ತಿದಳು.

"ಅದನ್ನ ಕೆಳಗಿಡಿ, ಕಾಲು ತೊಳ್ಕೊಳ್ಳಿ, ಅಲ್ಲಿ ತೊಟ್ಟಿ ಉಂಟು."

ಅವಳು ಕೆಳಗಿಡಲಿಲ್ಲ. ಅಂಡೆಯನ್ನು ಬಗಲಲ್ಲೇ ಒತ್ತಿಕೊಂಡು ಒಂದು ಕೈಯಿಂದ ನೀರು ಮೊಗೆದು ಕಾಲಿಗೆ ಹಾಕಿಕೊಂಡಳು. ಕರಾವಳಿಯ ಮರಳು ಬೆರಳ ಸಂದಿಯಿಂದ ಇಳಿದುಹೋಯಿತು.

"ಅವನು ಕೇಳಿದ್ರೆ ತೀರ್ಥ ತಂದಿದ್ದೇನೆ ಅಂತ ಹೇಳಿ, ಸಾಕು," ಎಂದರು ಜಯಪ್ಪ, ಬಾಳೆಲೆಯ ಕಟ್ಟನ್ನೂ ಅವಳ ಮುಖವನ್ನೂ ನೋಡಿ, ದನಿ ತಗ್ಗಿಸಿ. "ಇನ್ನೇನು ಹೆಚ್ಚು ಹೇಳೋದು ಬೇಡ."

"ಒಂದ್ಸಲ ಅವಂಗೆ ಹೇಳ್ಬಾರದ್ದು ಹೇಳ್ಯುಟ್ಟು ನಾ," ಎಂದಳು ಪೂವಮ್ಮ. "ಈಗ ಇದ್ದದ್ದ್ ಹೇಳ್ತೆ. ಕುಡಿಯೋದು ಬಿಡೋದು ಅವಂದ್."

ಉದ್ದನೆಯ ಕೋಣೆಯ ಕೊನೆಯಲ್ಲಿ, ಕಿಟಕಿಯ ಕೆಳಗಿನ ಮಂಚದಲ್ಲಿ ಒಂದು ತೆಳ್ಳಗಿನ ಕೈ ಮೇಲೆದ್ದಿತು. ಪೂವಮ್ಮ ಬಾಳೆಲೆಯ ಕಟ್ಟು ಬಿಚ್ಚುತ್ತ ಆ ಕಡೆ ನಡೆದಳು, ನಡೆಯುತ್ತಲೇ ಶುರುಮಾಡಿದಳು, "ತಮ್ಮಾ, ಬಾಯಿ ತೆಗಿಯೋ ಮುಂಚೆ ನಾ ಹೇಳೋದ್ ಕೇಳ್, ಈ ಅಂಡೇಲಿ ಇರೋದು ತೀರ್ಥನೋ ಮಳೆ ನೀರೋ ನಂಗೇ ಗೊತ್ತಿಲ್ಲೆ."